ಒಂಬತ್ತು ವರ್ಷದ ಇಬ್ಬರು ಹುಡುಗಿಯರು

1612ರ ಆಗಸ್ಟ್ ತಿಂಗಳು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ಕೋಟೆಯಲ್ಲಿ ನಡೆದಿದ್ದ ವಿಚಾರಣೆಯಲ್ಲಿ ಸುಮಾರು ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು, ಎಲ್ಲರಿಗೂ ಕಾಣಲೆಂದು, ಮೇಜಿನ ಮೇಲೆ ನಿಲ್ಲಿಸಿದರು. ಹೆಸರು ಜೆನೆಟ್ ಡಿವೈಸ್. ಪೆಂಡಲ್ ಬೆಟ್ಟದ ಸೀಮೆಯ ಕಡುಬಡವರ ಮಗಳು. ಆರೋಪಿಯಾಗಿ ಎದುರು ನಿಂತಿದ್ದವಳು ಅವಳನ್ನು ಹೆತ್ತ ತಾಯಿ. ಮಗಳನ್ನು ಕಂಡೊಡನೆ ಆಕೆ ಕಿರುಚಾಡಿದಳು. ಆಕೆಯನ್ನು ಹೊರಗೆ ಒಯ್ದ ಮೇಲೆ ಹುಡುಗಿ ನುಡಿದಳು: ತನ್ನ ತಾಯಿ ಮಾಟಗಾತಿ, ಕಂದುನಾಯಿಯ ರೂಪದ ಭೂತವೊಂದು ಅವಳ ಮಾತು ಕೇಳುತ್ತದೆ. ಅಣ್ಣನ ಮೇಲೂ ಹಾಗೆಯೇ ಸಾಕ್ಷಿ ಹೇಳಿದಳು. ಆಗಸ್ಟ್ 20ರಂದು ಹತ್ತು ಮಂದಿಗೆ ನೇಣಾಯಿತು. ಜೆನೆಟಳ ತಾಯಿ, ಅಣ್ಣ, ಅಕ್ಕ ಮೂವರೂ ಅವರಲ್ಲಿದ್ದರು. ಅಜ್ಜಿ ಅದಕ್ಕೆ ಮೊದಲೇ ಸೆರೆಮನೆಯಲ್ಲಿ ಸತ್ತಿದ್ದಳು.

ಇಷ್ಟಕ್ಕೆಲ್ಲ ಮೂಲ ಗುಂಡುಸೂಜಿ! ಅಕ್ಕ ಆಲಿಜನ್ ದಾರಿಹೋಕ ವ್ಯಾಪಾರಿಯೊಬ್ಬನಲ್ಲಿ ಸೂಜಿ ಕೇಳಿದಳು; ಅವನು ಕೊಡಲಿಲ್ಲ; ಸ್ವಲ್ಪ ಹೊತ್ತಿನಲ್ಲೇ ಕುಸಿದು ಬಿದ್ದ. ಇಂದಿನ ವೈದ್ಯರಾದರೆ ಪಾರ್ಶ್ವವಾಯು ಎಂದಾರು. ಆಲಿಜನ್ ಮಾತ್ರ ಅದು ತನ್ನ ಶಾಪದ ಫಲವೆಂದೇ ನಂಬಿ, ತಪ್ಪೊಪ್ಪಿ, ಕ್ಷಮೆ ಬೇಡಿದಳು. ಮಾಟದ ಮೊಕದ್ದಮೆಗಳಲ್ಲಿ ಮಕ್ಕಳ ಸಾಕ್ಷ್ಯವೂ ಸಲ್ಲುತ್ತದೆಂದು ದೊರೆ ಜೇಮ್ಸನೇ 1597ರ ತನ್ನ ಗ್ರಂಥದಲ್ಲಿ ವಾದಿಸಿದ್ದ. ಇನ್ನು ನ್ಯಾಯಾಧೀಶರಿಗೆ ಅನುಮಾನವೇಕೆ? 1634ರ ಹೊತ್ತಿಗೆ ಅದೇ ಸೀಮೆಯಲ್ಲಿ ಹತ್ತು ವರ್ಷದ ಹುಡುಗನೊಬ್ಬ ಹಲವರನ್ನು ಮಾಟಗಾತಿಯರೆಂದು ತೋರಿಸಿದ. ಆಮೇಲೆ ಎಲ್ಲವೂ ತಾನು ಕಟ್ಟಿದ ಕಥೆಯೆಂದು ಒಪ್ಪಿಕೊಂಡ. ಸಿಕ್ಕಿಬಿದ್ದವರ ಪಟ್ಟಿಯಲ್ಲಿ ಜೆನೆಟ್ ಡಿವೈಸ್ ಎಂಬುದೂ ಒಂದು ಹೆಸರು.

1735ರ ಕಾಯಿದೆ ಈ ವಿಚಾರವನ್ನು ತಿರುಗುಮುರುಗು ಮಾಡಿತು. ಅಂದಿನಿಂದ ಮಾಟ ಅಪರಾಧವಲ್ಲ, ಮಾಟ ಬಲ್ಲೆನೆಂದು ನಟಿಸುವುದು ಅಪರಾಧ. ಆ ಕಾಯಿದೆಯೂ 1951ರಲ್ಲಿ ರದ್ದಾಯಿತು. ಹೀಗೆ ಕಾನೂನಿನ ಭಯ ತೊಲಗಿದ ನಾಡಿನಲ್ಲಿ ಮಾಟಗಾತಿ ಮಕ್ಕಳ ನಗೆಗೆ ಒದಗಿಬಂದಳು. 1974ರಲ್ಲಿ ಜಿಲ್ ಮರ್ಫಿ ಮಾಟದ ಶಾಲೆಯ ಎಡವಟ್ಟು ವಿದ್ಯಾರ್ಥಿನಿಯೊಬ್ಬಳ ಕಥೆ ಬರೆದರು. ಅದು ಬರಿಯ ವಿನೋದ. 2003ರಲ್ಲಿ ಟೆರಿ ಪ್ರ್ಯಾಚೆಟ್ ಬರೆದ ‘ದಿ ವೀ ಫ್ರೀ ಮೆನ್’ ಕಾದಂಬರಿಯ ಸಂಗತಿ ಬೇರೆ.

ಇದರ ನಾಯಕಿ ಟಿಫನಿ, ಕುರುಬರ ಮನೆಯ ಹುಡುಗಿ. ಇವಳಿಗೂ ಒಂಬತ್ತೇ ವರ್ಷ! ನೀರಿನ ಪಿಶಾಚಿಗೆ ಸಾರಿನ ತಟ್ಟೆಯಂಥ ಕಣ್ಣುಗಳೆಂದು ಪುಸ್ತಕದಲ್ಲಿ ಓದಿದರೆ, ಇವಳು ತಟ್ಟೆಯನ್ನೇ ಅಳೆದು ನೋಡುವವಳು. ಕೈಯಲ್ಲಿ ಬಾಣಲೆಯೇ ಆಯುಧ. ನೆರವಿಗೆ ಬರುವ ಗೇಣುದ್ದದ ನೀಲಿ ಕಳ್ಳರು ಯಾರಿಗೂ ಅಂಜರು, ವಕೀಲರಿಗೆ ಮಾತ್ರ ನಡುಗುತ್ತಾರೆ. (ಲ್ಯಾಂಕಾಸ್ಟರಿನ ಕಥೆ ಬಲ್ಲವರಿಗೆ ಈ ಹಾಸ್ಯ ಕೊಂಚ ಕಹಿ.)

ನಗೆಯ ಅಡಿಯಲ್ಲಿ ಒಂದು ರಹಸ್ಯವಿದೆ. ಸೀಮೆಯ ಒಡೆಯನ ಮಗ ಕಾಣೆಯಾಗಿದ್ದಾನೆ. ಕಾಡಂಚಿನಲ್ಲಿ ಒಂಟಿಯಾಗಿದ್ದ, ಹಲ್ಲಿಲ್ಲದ, ಕಣ್ಣು ಮಂಜಾದ ಸ್ನ್ಯಾಪರ್ಲಿ ಎಂಬ ಮುದುಕಿಯೇ ಕಾರಣವೆಂದು ಜನ ಅವಳನ್ನು ಮನೆಯಿಂದ ಅಟ್ಟಿದರು. ಅವಳು ಹಿಮದಲ್ಲಿ ಸತ್ತಳು. ಟಿಫನಿ ಕೇಳುವುದು ಒಂದೇ: ಇದಕ್ಕೆ ಪುರಾವೆ ಎಲ್ಲಿ? ಇಂಥದು ಮತ್ತೊಮ್ಮೆ ನಡೆಯದಂತೆ ತಡೆಯಲೆಂದೇ ಅವಳು ಮಾಟಗಾತಿಯಾಗಲು ಹೊರಡುತ್ತಾಳೆ. ತಮ್ಮನೂ ಕಾಣೆಯಾದಾಗ ಅವನನ್ನು ಹುಡುಕುತ್ತ ಯಕ್ಷಿಣಿ ರಾಣಿಯ ರಾಜ್ಯಕ್ಕೇ ನುಗ್ಗುತ್ತಾಳೆ. ಒಡೆಯನ ಮಗನೂ ಅಲ್ಲೇ ಸಿಗುತ್ತಾನೆ, ಜೀವಂತವಾಗಿ. ಊರವರು ಯಾರನ್ನು ಕೊಂದಂತಾಯಿತೆಂಬುದು ಆಗ ತಿಳಿಯುತ್ತದೆ.