ಕಿವಿಗೆ ಬಿದ್ದದ್ದು, ಮನಸ್ಸಿಗೆ ಇಳಿದದ್ದು

ಒಳ್ಳೆಯ ಬೀಜ ಬಂದಿದೆಯೆಂಬ ಸುದ್ದಿ ಊರನ್ನು ಮುಟ್ಟುವುದಕ್ಕೆ ಒಂದು ಸಂತೆಯ ದಿನ ಸಾಕು. ಆ ಬೀಜ ಊರಿನ ಹೊಲಗಳಿಗೆಲ್ಲ ಇಳಿಯುವುದಕ್ಕೆ ಎಷ್ಟು ಕಾಲ ಬೇಕು? ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ತಿಳಿವಳಿಕೆ ಮನುಷ್ಯರಿಂದ ಮನುಷ್ಯರಿಗೆ ಹೇಗೆ ಹರಿಯುತ್ತದೆ ಎಂಬ ವಿಚಾರದಲ್ಲಿ ನಡೆದ ಹೆಸರಾಂತ ಶೋಧನೆಯೊಂದು ಈ ಪ್ರಶ್ನೆಯಿಂದಲೇ ಹೊರಟಿತು.

ಅಮೆರಿಕದ ಅಯೋವಾ ಸಂಸ್ಥಾನ ಮುಸುಕಿನ ಜೋಳದ ಸೀಮೆ. 1928ರ ಸುಮಾರಿಗೆ ಅಲ್ಲಿನ ರೈತರ ಕೈಗೆ ಸಂಕರ ತಳಿಯ, ನಮ್ಮ ರೈತರ ಮಾತಿನಲ್ಲಿ ಹೈಬ್ರಿಡ್, ಬೀಜ ಬಂತು. ಇಳುವರಿ ನೂರಕ್ಕೆ ಸುಮಾರು 20ರಷ್ಟು ಹೆಚ್ಚು. ತೊಡಕೆಂದರೆ, ಮನೆಯಲ್ಲಿ ಎತ್ತಿಟ್ಟ ಕಾಳನ್ನು ಬಿತ್ತಿದರೆ ನಡೆಯದು; ವರ್ಷವರ್ಷವೂ ಹಣ ಕೊಟ್ಟು ಬೀಜ ಕೊಳ್ಳಬೇಕು. ಬ್ರೈಸ್ ರಯನ್ ಮತ್ತು ನೀಲ್ ಗ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಎರಡು ಊರುಗಳ 259 ರೈತರನ್ನು ಕುರಿತು, ಯಾರು ಯಾವ ವರ್ಷ ಬಿತ್ತಿದರು, ಯಾರಿಂದ ಕೇಳಿದರು, ಯಾರನ್ನು ನಂಬಿದರು ಎಂದು ವಿಚಾರಿಸಿದರು. ಅವರ ಪ್ರಬಂಧ 1943ರಲ್ಲಿ ಪ್ರಕಟವಾಯಿತು.

ಅವರು ಕಂಡದ್ದು ಇದು. 1933ರ ವೇಳೆಗೆ ಹೊಸ ಬೀಜಕ್ಕೆ ಒಲಿದವರು ನೂರಕ್ಕೆ 10 ಮಂದಿ. ಮುಂದಿನ ಮೂರೇ ವರ್ಷಗಳಲ್ಲಿ ಅದು 40 ಆಯಿತು. 1941ರ ಹೊತ್ತಿಗೆ ಇಬ್ಬರನ್ನುಳಿದು ಎಲ್ಲರೂ ಬಿತ್ತಿದ್ದರು. ಸುದ್ದಿಯನ್ನು ಮೊದಲು ತಂದವನು ಹೆಚ್ಚಾಗಿ ಬೀಜ ಮಾರುವವನು. ಮೊದಮೊದಲು ಬಿತ್ತಿದ ಕೆಲವರು ಅವನನ್ನೇ ನಂಬಿದರು. ಉಳಿದವರ ಮನಸ್ಸನ್ನು ತಿರುಗಿಸಿದವನು ಮಾತ್ರ ಬದುವಿನಾಚೆಯ ನೆರೆಯವನು. ಕೇಳಿದ ದಿನಕ್ಕೂ ಒಪ್ಪಿದ ದಿನಕ್ಕೂ ನಡುವೆ ಸರಾಸರಿ ಸುಮಾರು 9 ವರ್ಷ ಕಳೆದಿತ್ತು!

ಮೊದಲು ಬಿತ್ತಿದವರು ಯಾರು? ಹೆಚ್ಚು ಭೂಮಿಯುಳ್ಳವರು, ಹೆಚ್ಚು ಓದಿದವರು, ರಾಜಧಾನಿ ಡೆ ಮಾಯ್ನ್‌ಗೆ ಆಗಾಗ್ಗೆ ಹೋಗಿಬರುತ್ತಿದ್ದವರು. ಹೆಚ್ಚಿನ ಒಂದು ಮೂಟೆ ಯಾರಿಗೆ ಬಹಳ ಬೇಕಾಗಿತ್ತೋ ಅವರೇ ಹಿಂದೆ ಉಳಿದರು.

ಹೊರಗಿನ ಪರಿಚಯಕ್ಕೆ ಇಷ್ಟು ಬೆಲೆ ಏಕೆ ಎಂಬುದನ್ನು ಮಾರ್ಕ್ ಗ್ರಾನೊವೆಟರ್ 1973ರಲ್ಲಿ ವಿವರಿಸಿದರು. ನಮ್ಮ ಆಪ್ತರು ಪರಸ್ಪರವೂ ಆಪ್ತರು. ಒಬ್ಬರು ಬಲ್ಲದ್ದನ್ನು ಎಲ್ಲರೂ ಬಲ್ಲರು. ಹೊಸ ಸುದ್ದಿ ಬರುವುದು ದೂರದ ಪರಿಚಯಸ್ಥರಿಂದ. ಹಾಗಾದರೆ ತಿಳಿವಳಿಕೆಗೆ ಎರಡು ದಾರಿ ಬೇಕು: ಸುದ್ದಿ ತರಲು ದೂರದವರು, ನಂಬಿಕೆ ಕೊಡಲು ಹತ್ತಿರದವರು.

ಈ ಎರಡನ್ನೂ ಒಂದುಗೂಡಿಸುವ ಪ್ರಯತ್ನ ನಮ್ಮ ದೇಶದಲ್ಲಿಯೇ, ಅದೂ ಆಕಾಶವಾಣಿಯಿಂದಲೇ, ನಡೆಯಿತು. ಕೆನಡಾದಲ್ಲಿ 1941ರಲ್ಲಿ ತೊಡಗಿದ್ದ ಬಾನುಲಿ ರೈತಕೂಟದ ಮೇಲ್ಪಂಕ್ತಿಯನ್ನು ಅನುಸರಿಸಿ ಪುಣೆ ನಿಲಯವು 1956ರಲ್ಲಿ ಸುಮಾರು 150 ಹಳ್ಳಿಗಳಲ್ಲಿ ಕೂಟಗಳನ್ನು ಏರ್ಪಡಿಸಿತು. ವಾರಕ್ಕೆರಡು ಬಾರಿ, ಒಟ್ಟು 20 ಕಾರ್ಯಕ್ರಮ. ಊರಿನವರು ಒಟ್ಟಾಗಿ ಕುಳಿತು ಕೇಳುವುದು, ಕೇಳಿದ್ದನ್ನು ಅಲ್ಲಿಯೇ ಚರ್ಚಿಸುವುದು, ಸಂದೇಹಗಳನ್ನು ನಿಲಯಕ್ಕೆ ಬರೆದು ಕಳುಹುವುದು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಪರವಾಗಿ ಪಾಲ್ ನಾಯ್ರಾತ್ ಅದರ ಫಲವನ್ನು ಪರೀಕ್ಷಿಸಿದರು. ಕೂಟವಿದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಬಹಳವಾಗಿ ಬೆಳೆದಿತ್ತು. ರೇಡಿಯೋ ಇದ್ದು ಕೂಟವಿಲ್ಲದ ಹಳ್ಳಿಗಳ ಬೆಳವಣಿಗೆಯಾದರೋ ಅಲ್ಪ.

ನಿಲಯದಲ್ಲಿ ಮಾತನಾಡುವವರಿಗೆ ಇದು ಹೆಮ್ಮೆಯನ್ನು ತಗ್ಗಿಸುವ ಪಾಠ. ಬಾನುಲಿ ಮಾತನ್ನು ಊರಬಾಗಿಲವರೆಗೆ ತರಬಲ್ಲುದು. ಒಳಗೆ ಕರೆದು ಕೂರಿಸುವವರು ಊರವರೇ. ಕೂಟ ಸೇರಿದಾಗ ಯಾರು ಬಂದರು ಎಂದು ಎಣಿಸುವಂತೆ ಯಾರು ಬರಲಿಲ್ಲ ಎಂಬುದನ್ನೂ ಎಣಿಸಬೇಕು. ಕೇಳಿದ್ದನ್ನು ಕೂಡಿ ಮಾತನಾಡಲು ಜೊತೆಯಿಲ್ಲದವನ ಪಾಲಿಗೆ ಆ ಒಂಬತ್ತು ವರ್ಷ ಇನ್ನೂ ಮುಗಿದಿಲ್ಲ.