ಗೇಮ್‌ನಲ್ಲಿ ಪಾತ್ರ ನಡುಗುವುದೇಕೆ? ಸ್ಪ್ರೈಟ್ ಅನಿಮೇಶನ್ ದೋಷ ಹುಡುಕುವ ಬಗೆ

ಗೇಮ್ ತಯಾರಿಸಲು ಕಲಿಯುತ್ತಿರುವವರಿಗೆ ಇದು ಪರಿಚಿತ ತಲೆನೋವು. ಬಿಡಿಸುವಾಗ ಚಿತ್ರ ಚೆನ್ನಾಗಿಯೇ ಇತ್ತು. ಗೇಮ್‌ನಲ್ಲಿ ಓಡಿಸಿದರೆ ಪಾತ್ರ ನಡುಗುತ್ತದೆ, ಮಿನುಗುತ್ತದೆ, ಇಲ್ಲವೇ ಕಾಲನ್ನೇ ಎತ್ತದೆ ಜಾರಿಕೊಂಡು ಹೋಗುತ್ತದೆ. ಮೊದಲ ಅನುಮಾನ ಚಿತ್ರದ ಮೇಲೆ, ಎರಡನೆಯದು ಕಂಪ್ಯೂಟರ್ ಮೇಲೆ. ಆದರೆ ಚಿತ್ರಗಳನ್ನೆಲ್ಲ ಮತ್ತೆ ಬಿಡಿಸಲು ಕೂರುವ ಮುನ್ನ ಸ್ವಲ್ಪ ತಾಳಿ. ಹೆಚ್ಚಿನ ಸಲ ಯಾವ ಚಿತ್ರವನ್ನು ಎಲ್ಲಿಂದ ಕತ್ತರಿಸಿ ಯಾವಾಗ ತೋರಿಸಬೇಕು ಎಂಬ ಲೆಕ್ಕ ತಪ್ಪಿರುತ್ತದೆ, ಅಷ್ಟೇ.

ಶಾಲೆಯಲ್ಲಿ ನೋಟ್‌ಬುಕ್ಕಿನ ಮೂಲೆಯಲ್ಲಿ ಗೊಂಬೆ ಬರೆದು ಹಾಳೆಗಳನ್ನು ಸರಸರನೆ ಮಗುಚಿದ್ದು ನೆನಪಿದೆಯೇ? ಸ್ಪ್ರೈಟ್ ಅನಿಮೇಶನ್ ಕೂಡ ಅದೇ. ವ್ಯತ್ಯಾಸವೆಂದರೆ, ಇಲ್ಲಿ ಎಲ್ಲ ಭಂಗಿಗಳೂ ಸ್ಪ್ರೈಟ್ ಶೀಟ್ ಎಂಬ ಒಂದೇ ದೊಡ್ಡ ಚಿತ್ರದಲ್ಲಿ ಸಾಲಾಗಿರುತ್ತವೆ. ಸಾಫ್ಟ್‌ವೇರ್ ಒಂದೊಂದೇ ಚೌಕ ಕತ್ತರಿಸಿ ತೋರಿಸುತ್ತದೆ.

ದೋಷ ಹುಡುಕಲು ಮೊದಲು ಅನಿಮೇಶನ್ ವೇಗವನ್ನು ಹತ್ತನೇ ಒಂದರಷ್ಟಕ್ಕೆ ಇಳಿಸಿ ನೋಡಿ. ಪಾತ್ರ ಪ್ರತಿ ಫ್ರೇಮಿಗೂ ಒಂದೇ ದಿಕ್ಕಿಗೆ ಸ್ವಲ್ಪಸ್ವಲ್ಪ ಸರಿದು, ಕೊನೆಗೆ ತಟ್ಟನೆ ಹಿಂದಕ್ಕೆ ಹಾರಿದರೆ ಕತ್ತರಿಸುವ ಅಳತೆ ತಪ್ಪಿದೆ. 256 ಪಿಕ್ಸೆಲ್ ಅಗಲದ ಶೀಟಿನಲ್ಲಿ 8 ಭಂಗಿಗಳಿದ್ದರೆ ಒಂದೊಂದು 32 ಪಿಕ್ಸೆಲ್. ಅದನ್ನು 33 ಎಂದು ಕೊಟ್ಟರೆ ಎಂಟನೇ ಫ್ರೇಮಿನ ಹೊತ್ತಿಗೆ 7 ಪಿಕ್ಸೆಲ್ ಅಂತರ! ದಿಕ್ಕಿಲ್ಲದೆ ಅತ್ತಿತ್ತ ಕುಲುಕಿದರೆ ಟ್ರಿಮ್ ಆಯ್ಕೆಯನ್ನು ಅನುಮಾನಿಸಿ. ಅದು ಖಾಲಿ ಅಂಚುಗಳನ್ನು ತೆಗೆದುಹಾಕುವುದರಿಂದ ಪ್ರತಿ ಫ್ರೇಮಿನ ಮಧ್ಯಬಿಂದು ಬೇರೆಯಾಗಬಹುದು. ಆಧಾರಬಿಂದುವನ್ನು, ಅಂದರೆ ಪಿವಟ್ ಅನ್ನು, ಎಲ್ಲ ಫ್ರೇಮುಗಳಲ್ಲೂ ಪಾದದ ಬಳಿ ಒಂದೇ ಜಾಗದಲ್ಲಿಡಿ.

ಹೆಚ್ಚು ಗೊಂದಲ ಹುಟ್ಟಿಸುವುದು ಅಂಚಿನಲ್ಲಿ ಇಣುಕುವ ಗೆರೆ. ಪಾತ್ರದ ಕಿವಿಯ ಪಕ್ಕ ಮುಂದಿನ ಭಂಗಿಯ ಕೈ ಎಳೆಯಂತೆ ಕಾಣುತ್ತದೆ, ಅದೂ ಕ್ಯಾಮೆರಾ ಚಲಿಸುವಾಗ ಮಾತ್ರ. ಕಾರಣ ಹೀಗಿದೆ: ಪಾತ್ರ 10.4ರಂಥ ಭಿನ್ನಾಂಕದ ಸ್ಥಾನದಲ್ಲಿದ್ದಾಗ ಗ್ರಾಫಿಕ್ಸ್ ಚಿಪ್ ಅಕ್ಕಪಕ್ಕದ ಪಿಕ್ಸೆಲ್‌ಗಳ ಬಣ್ಣ ಬೆರೆಸಿ ಸರಾಸರಿ ತೆಗೆಯುತ್ತದೆ. ಅಂಚಿನಲ್ಲಿ ಆ ಪಕ್ಕದ ಪಿಕ್ಸೆಲ್ ನೆರೆಯ ಚೌಕದ್ದು! ಪಿಕ್ಸೆಲ್ ಕಲೆಯಾದರೆ ಯೂನಿಟಿಯಲ್ಲಿ ಫಿಲ್ಟರ್ ಮೋಡನ್ನು ಪಾಯಿಂಟ್ ಎಂದು, ಗೊಡಾಟ್‌ನಲ್ಲಿ ನಿಯರೆಸ್ಟ್ ಎಂದು ಬದಲಿಸಿ. ಚೌಕಗಳ ನಡುವೆ ಒಂದೆರಡು ಪಿಕ್ಸೆಲ್ ಜಾಗವನ್ನೂ ಬಿಡಿ. ಪಾತ್ರದ ಸ್ಥಾನವನ್ನು ಪೂರ್ಣಾಂಕಕ್ಕೆ ತರುವುದೂ ಒಳ್ಳೆಯದೇ, ಆದರೆ ತೆರೆಯ ಮೇಲೆ ಬಿಡಿಸುವಾಗ ಮಾತ್ರ. ಒಳಗಿನ ಲೆಕ್ಕದಲ್ಲೇ ಹಾಗೆ ಮಾಡಿದರೆ ಹೆಜ್ಜೆಗೆ 0.3 ಪಿಕ್ಸೆಲ್ ಚಲಿಸಬೇಕಾದ ಬಸವನಹುಳು ಪ್ರತಿ ಸಲವೂ ಸೊನ್ನೆಗೆ ಮರಳಿ, ನಿಂತಲ್ಲೇ ನಿಲ್ಲುತ್ತದೆ.

ಇನ್ನು ಕಾಲೆತ್ತದೆ ಜಾರುವ ಪಾತ್ರ. ಇದು ಬಹುತೇಕ ಕೋಡಿನ ತಪ್ಪು. ಸೆಕೆಂಡಿಗೆ 60 ಸಲ ಓಡುವ ಕೋಡು ಪ್ರತಿ ಸಲವೂ ‘ಓಟವನ್ನು ಮೊದಲಿನಿಂದ ಶುರುಮಾಡು’ ಎನ್ನುತ್ತಿರುತ್ತದೆ. ಒಂದು ಭಂಗಿಗೆ 6 ಸುತ್ತು ಬೇಕಿದ್ದರೆ ಎರಡನೆಯದರ ಸರದಿ ಬರುವುದೇ ಇಲ್ಲ. ಸ್ಥಿತಿ ಬದಲಾದಾಗ ಮಾತ್ರ ಆ ಆದೇಶ ಕೊಡಿ. ನಿಂತಾಗ ನಿಲುವು ಮತ್ತು ಓಟದ ನಡುವೆ ಪಾತ್ರ ಹೊಯ್ದಾಡುತ್ತಿದ್ದರೆ, ವೇಗ ಸೊನ್ನೆಯೇ ಎಂದು ಕೇಳುವ ಬದಲು ಒಂದು ಸಣ್ಣ ಮಿತಿಗಿಂತ ಕಡಿಮೆಯೇ ಎಂದು ಕೇಳಿ.

ಗೆಳೆಯನ 144 ಹರ್ಟ್ಸ್ ಮಾನಿಟರಿನಲ್ಲಿ ಎಲ್ಲವೂ 2.4 ಪಟ್ಟು ವೇಗವಾಗಿ ಓಡಿದರೆ, ನೀವು ಸಮಯದ ಬದಲು ಫ್ರೇಮುಗಳನ್ನು ಎಣಿಸುತ್ತಿದ್ದೀರಿ.

‘ಮಿನುಗಿದರೆ ಯಂತ್ರ ಸಾಲದು’ ಎಂಬ ನಂಬಿಕೆ ಒಂದು ಕಾಲಕ್ಕೆ ನಿಜವಿತ್ತು. ನಿಂಟೆಂಡೊದ ಹಳೆಯ 8 ಬಿಟ್ ಯಂತ್ರ ಒಂದು ಅಡ್ಡಸಾಲಿನಲ್ಲಿ 8 ಸ್ಪ್ರೈಟ್‌ಗಳನ್ನಷ್ಟೇ ತೋರಿಸಬಲ್ಲದಾಗಿತ್ತು. ಒಂಬತ್ತನೆಯದು ಪೂರ್ತಿ ಮಾಯವಾಗದಿರಲೆಂದು ಪ್ರೋಗ್ರಾಮರ್‌ಗಳು ಸರದಿ ಬದಲಿಸುತ್ತ, ಬೇಕೆಂದೇ ಎಲ್ಲವನ್ನೂ ಮಿನುಗಿಸುತ್ತಿದ್ದರು. 1982ರಲ್ಲಿ ಬಂದ ಅಟಾರಿ 2600ರ ಪ್ಯಾಕ್‌ಮ್ಯಾನ್‌ನ ಭೂತಗಳು ಮಿನುಗಿದ್ದಕ್ಕೂ ಇಂಥದೇ ಕಾರಣ. ಇಂದಿನ ಸಾಧಾರಣ ಫೋನಿಗೂ ಆ ಮಿತಿಯಿಲ್ಲ. ಹಾಗಾಗಿ ಈಗ ಎರಡು ಸ್ಪ್ರೈಟ್‌ಗಳು ಒಂದರ ಮೇಲೊಂದು ಬಂದಾಗ ಮಿನುಗಿದರೆ, ಎರಡಕ್ಕೂ ಒಂದೇ ಆಳದ ಸಂಖ್ಯೆ ಕೊಟ್ಟಿದ್ದೀರಾ ಎಂದು ನೋಡಿ.