ಆರ್ಡರ್ ಬೈ: ಎಸ್‌ಕ್ಯೂಎಲ್‌ನಲ್ಲಿ ಸಾಲುಗಳ ಕ್ರಮ

ಸಂಬಂಧಾತ್ಮಕ ಡೇಟಾಬೇಸ್‌ನಿಂದ ಕೇಳಿ ಪಡೆದ ಸಾಲುಗಳನ್ನು ಬೇಕಾದ ಕ್ರಮದಲ್ಲಿ ಜೋಡಿಸಿಕೊಡುವ ಎಸ್‌ಕ್ಯೂಎಲ್ ಪದಗುಚ್ಛ ‘ಆರ್ಡರ್ ಬೈ’. ಇದನ್ನು ಬರೆಯದಿದ್ದರೆ ಸಾಲುಗಳು ಯಾವ ಕ್ರಮದಲ್ಲಿ ಬಂದರೂ ಉತ್ತರ ಸರಿಯೇ. 1970ರಲ್ಲಿ ಐಬಿಎಂನ ಇ. ಎಫ್. ಕಾಡ್ ಮಂಡಿಸಿದ ಮಾದರಿಯಲ್ಲಿ ಕೋಷ್ಟಕವೆಂದರೆ ಒಂದು ಗಣ; ಗಣದಲ್ಲಿ ಮೊದಲನೆಯದು, ಕೊನೆಯದು ಎಂಬುದಿಲ್ಲ. ತುಂಬಿದ ಕ್ರಮದಲ್ಲೇ ಸಾಲುಗಳು ಹೊರಬರುತ್ತವೆಂಬ ನಂಬಿಕೆ ಚಿಕ್ಕ ಕೋಷ್ಟಕಗಳಲ್ಲಿ ನಿಜವೆನಿಸಿ, ಮುಂದೆ ಕೈಕೊಡುತ್ತದೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ 5.7 ಆವೃತ್ತಿಯವರೆಗೆ, ಸಾಲುಗಳನ್ನು ಗುಂಪುಗೂಡಿಸುವ ‘ಗ್ರೂಪ್ ಬೈ’ ಬರೆದರೆ ಗುಂಪುಗಳು ತಾವಾಗಿಯೇ ಕ್ರಮದಲ್ಲಿ ಬರುತ್ತಿದ್ದವು. 8.0 ಆವೃತ್ತಿ ಆ ರೂಢಿಯನ್ನು ಕೈಬಿಟ್ಟಿತು.

ಬೇರೆ ಹೇಳದಿದ್ದರೆ ಕ್ರಮ ಏರಿಕೆಯದು. ಇಳಿಕೆ ಬೇಕಾದರೆ ‘ಡೆಸ್ಕ್’ ಎಂದು ಸೇರಿಸಬೇಕು. ಒಂದಕ್ಕಿಂತ ಹೆಚ್ಚು ಕಾಲಂಗಳನ್ನು ಹೆಸರಿಸಿದರೆ, ಮೊದಲ ಕಾಲಂನಲ್ಲಿ ಸಮನಾದ ಸಾಲುಗಳನ್ನು ಎರಡನೆಯ ಕಾಲಂ ಬೇರ್ಪಡಿಸುತ್ತದೆ. ಪಟ್ಟಿಯನ್ನು ಪುಟಪುಟವಾಗಿ ತೋರಿಸುವಾಗ ಇದು ಬಹಳ ಮುಖ್ಯ. ವಿದ್ಯಾರ್ಥಿಗಳನ್ನು ಅಂಕದ ಮೇಲಷ್ಟೇ ಜೋಡಿಸಿದರೆ, ಸಮಾನ ಅಂಕದವರಲ್ಲಿ ಒಬ್ಬರ ಹೆಸರು ಎರಡು ಪುಟಗಳಲ್ಲೂ ಕಾಣಿಸಿಕೊಂಡು ಇನ್ನೊಬ್ಬರದು ಬಿಟ್ಟೇಹೋಗಬಹುದು. ಕೊನೆಗೆ ನೋಂದಣಿ ಸಂಖ್ಯೆಯಂಥ, ಎಂದೂ ಮರುಕಳಿಸದ ಕಾಲಂ ಸೇರಿಸಿದರೆ ಈ ಅಪಾಯ ತಪ್ಪುತ್ತದೆ. ಬೆಲೆಯೇ ಇಲ್ಲದ ‘ನಲ್’ ಮನೆಗಳ ಸ್ಥಾನದಲ್ಲಿ ತಂತ್ರಾಂಶಗಳಿಗೆ ಒಮ್ಮತವಿಲ್ಲ: ಏರಿಕೆಯ ಕ್ರಮದಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್, ಒರಾಕಲ್ ಅವನ್ನು ಕೊನೆಗೆ ತಳ್ಳುತ್ತವೆ; ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್‌ಐಟ್ ಮೊದಲಿಗೇ ತರುತ್ತವೆ.

ಪಠ್ಯವನ್ನು ಹೋಲಿಸುವ ನಿಯಮಗಳಿಗೆ ‘ಕೊಲೇಶನ್’ ಎಂದು ಹೆಸರು. ಕನ್ನಡಿಗರು ಎಚ್ಚರದಿಂದ ಇರಬೇಕಾದ ಜಾಗ ಇದು. ಯೂನಿಕೋಡ್‌ನಲ್ಲಿ ‘ಳ’ದ ಸಂಕೇತ ‘ಲ’ದ ಬೆನ್ನಿಗೇ, ‘ವ’ಕ್ಕಿಂತ ಮುಂಚೆ ಇದೆ. ನಮ್ಮ ವರ್ಣಮಾಲೆಯಲ್ಲಾದರೋ ‘ಳ’ ಬರುವುದು ‘ಹ’ದ ನಂತರ. ಸಂಕೇತಸಂಖ್ಯೆಯನ್ನಷ್ಟೇ ನೋಡುವ ಬೈನರಿ ಕೊಲೇಶನ್ ‘ಬಳೆ’ಯನ್ನು ‘ಬಸವ’ಕ್ಕಿಂತ ಮೊದಲು ಇಡುತ್ತದೆ, ನಿಘಂಟಿನ ರೂಢಿಯವರು ಅದನ್ನು ‘ಬಸವ’ದ ನಂತರ ಹುಡುಕಿ ಸಿಗದೆ ಪರದಾಡುತ್ತಾರೆ. ಹೆಸರುಗಳ ಪಟ್ಟಿ, ಗ್ರಂಥಾಲಯದ ಸೂಚಿ ಮಾಡುವವರು ಕೋಷ್ಟಕ ಕಟ್ಟುವಾಗಲೇ ಇದನ್ನು ಪರೀಕ್ಷಿಸಿ ನೋಡಬೇಕು. ಅಂಕಿಗಳನ್ನು ಪಠ್ಯವಾಗಿ ತುಂಬಿದರೂ ಇಂಥದ್ದೇ ತೊಡಕು: 9ಕ್ಕಿಂತ ಮೊದಲು 10 ಬಂದುಬಿಡುತ್ತದೆ.

ಕೇಳಿದ ಕಾಲಂಗೆ ಬಿ-ಟ್ರೀ ಸೂಚ್ಯಂಕವಿದ್ದರೆ ಅದರೊಳಗೆ ಕ್ರಮ ಮೊದಲೇ ಸಿದ್ಧವಿರುತ್ತದೆ. ಅದನ್ನು ಓದುತ್ತ ಹೋದರೆ ಮತ್ತೆ ಜೋಡಿಸುವ ಕೆಲಸವಿಲ್ಲ. ಇಲ್ಲವಾದರೆ ಸಾಲುಗಳನ್ನು ಮೆಮೊರಿಯಲ್ಲಿ ಜೋಡಿಸಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಇದಕ್ಕೆ ಮೂಲತಃ ಕೊಡುವ ಜಾಗ 4 ಎಂಬಿ. ಅದು ಸಾಲದಾದಾಗ ಸಾಲುಗಳನ್ನು ತುಂಡು ತುಂಡಾಗಿ ಜೋಡಿಸಿ ಡಿಸ್ಕ್‌ಗೆ ಬರೆದು, ಆಮೇಲೆ ಆ ತುಂಡುಗಳನ್ನು ಒಂದಾಗಿ ಹೆಣೆಯುತ್ತದೆ. ಮೊದಲ ಹತ್ತು ಸಾಲು ಸಾಕೆಂದು ‘ಲಿಮಿಟ್’ ಹಾಕಿದರೆ, ಓದುತ್ತ ಹೋದಂತೆ ಆವರೆಗಿನ ಮುಂಚೂಣಿಯ ಹತ್ತನ್ನಷ್ಟೇ ಇಟ್ಟುಕೊಂಡು ಉಳಿದವನ್ನು ಕೈಬಿಡುತ್ತದೆ.